ಹಳೆಯ ಸಣ್ಣ ಕಾರು, ಕರಾವಳಿಯ ಹೆದ್ದಾರಿ: ಕಳೆದುಹೋದ ಮೈಲೇಜ್ ಹುಡುಕುವ ಕ್ರಮ

ಹತ್ತು ಹದಿನೈದು ವರ್ಷ ಓಡಿದ 800 ಅಥವಾ 1000 ಸಿಸಿ ಪೆಟ್ರೋಲ್ ಕಾರು ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯಲ್ಲಿ ಲೀಟರಿಗೆ 17–18 ಕಿ.ಮೀ. ಕೊಡುವುದು ಏನೂ ದೊಡ್ಡ ಮಾತಲ್ಲ. ಅದೇ ಕಾರು 13–14ಕ್ಕೆ ಇಳಿದಿದ್ದರೆ ‘ವಯಸ್ಸಾಯಿತು, ಬಿಡು’ ಎನ್ನುವವರೇ ಜಾಸ್ತಿ. ವಯಸ್ಸು ಪೆಟ್ರೋಲ್ ಕುಡಿಯುವುದಿಲ್ಲ, ದುರಸ್ತಿಯಾಗದೆ ಉಳಿದ ದೋಷ ಕುಡಿಯುತ್ತದೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಮತ್ತು ಘಟ್ಟ ನಮ್ಮ ಜಿಲ್ಲೆಯ ಕಾರುಗಳಿಗೆ ತರುವ ದೋಷಗಳಿಗೆ ಅವುಗಳದ್ದೇ ಆದ ಗುರುತುಗಳಿವೆ. ಅವನ್ನು ಹುಡುಕಿ ಸರಿಮಾಡಿದ ಮೇಲೆ ಓಡಿಸುವ ರೀತಿಯ ಕಡೆ ಗಮನ ಕೊಡಬೇಕು. ಬ್ರೇಕ್ ಹಿಡಿದುಕೊಂಡಿರುವ ಗಾಡಿಯನ್ನು ಎಷ್ಟು ನಾಜೂಕಾಗಿ ಓಡಿಸಿದರೂ ಫಲವಿಲ್ಲ.

ಮೊದಲು ಸರಿಯಾದ ಅಳತೆ

ಪೆಟ್ರೋಲ್ ಮುಳ್ಳು ನೋಡಿ ಮೈಲೇಜ್ ಹೇಳಲಾಗದು. ಐನೂರು ರೂಪಾಯಿಗೆ ಹಾಕಿಸಿ ಎಷ್ಟು ದೂರ ಓಡಿತು ಎಂದು ಎಣಿಸುವುದೂ ಲೆಕ್ಕವಲ್ಲ. ಟ್ಯಾಂಕ್ ತುಂಬಿಸಿ. ಪಂಪಿನ ನಾಝಲ್ ಮೊದಲ ಸಲ ತಾನೇ ಕಟ್ ಆದಾಗ ನಿಲ್ಲಿಸಿ, ಮೇಲಿಂದ ಹನಿ ಹನಿಯಾಗಿ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಕಡಿಮೆಯೆಂದರೆ 250–300 ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ, ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. 288 ಕಿ.ಮೀ.ಗೆ 18 ಲೀಟರ್ ಹಿಡಿದರೆ 16. ಹೀಗೆ ಎರಡು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಒಂದೇ ಸಲದ ಲೆಕ್ಕದಲ್ಲಿ ಒಂದು ಕಿ.ಮೀ.ಯಷ್ಟು ಏರುಪೇರು ಸಹಜ.

ಓಡೋಮೀಟರ್ ಸರಿ ಇದೆಯೇ ಎಂದೂ ನೋಡಬೇಕು. ಫೋನಿನ ಜಿಪಿಎಸ್ ಇಟ್ಟುಕೊಂಡು ನೇರ ರಸ್ತೆಯಲ್ಲಿ 20 ಕಿ.ಮೀ. ಓಡಿಸಿ ಹೋಲಿಸಿದರೆ ಸಾಕು. 145/70 ಆರ್12 ಟೈರ್ ಇರಬೇಕಾದಲ್ಲಿ ಯಾರೋ 145/80 ಆರ್12 ಹಾಕಿಸಿದ್ದರೆ ಚಕ್ರದ ಸುತ್ತಳತೆ ಶೇ 5ರಿಂದ 6ರಷ್ಟು ಹೆಚ್ಚಾಗಿರುತ್ತದೆ. ನೂರು ಕಿ.ಮೀ. ಓಡಿದ್ದನ್ನು ಮೀಟರ್ ಸುಮಾರು 95 ಎಂದು ತೋರಿಸುತ್ತದೆ. ಅಂಥ ಗಾಡಿಯ ಮೈಲೇಜ್ ಬಿದ್ದೇ ಇರುವುದಿಲ್ಲ, ಲೆಕ್ಕ ಮಾತ್ರ ತಪ್ಪಿರುತ್ತದೆ.

ಇನ್ನೊಂದು ಎಚ್ಚರ. ಕುಮಟಾದಿಂದ ಶಿರಸಿಗೆ ಹತ್ತುವಾಗಿನ ಮೈಲೇಜನ್ನು ಇಳಿಯುವಾಗಿನದಕ್ಕೆ ಹೋಲಿಸಬೇಡಿ, ಹೋಗಿ ಬಂದದ್ದನ್ನು ಒಟ್ಟಿಗೇ ಲೆಕ್ಕ ಹಾಕಿ. ಜುಲೈ ತಿಂಗಳದ್ದನ್ನು ಜನವರಿಯದಕ್ಕೂ ಹೋಲಿಸಬೇಡಿ. ರಸ್ತೆಯ ಮೇಲೆ ನಿಂತ ನೀರನ್ನು ಸೀಳಿಕೊಂಡು, ಕಡಲ ಕಡೆಯ ಗಾಳಿಗೆ ಎದುರಾಗಿ ಓಡುವ ಕಾರು ಮಳೆಗಾಲದಲ್ಲಿ ಹೆಚ್ಚು ಕುಡಿದೇ ಕುಡಿಯುತ್ತದೆ.

ಚಕ್ರ ಹಗುರಾಗಿ ಉರುಳುತ್ತಿದೆಯೇ?

ಕರಾವಳಿಯ ಹಳೆಯ ಕಾರುಗಳಲ್ಲಿ ಮೈಲೇಜ್ ತಿನ್ನುವ ಮೊದಲ ಕಳ್ಳ ಜಾಮ್ ಆದ ಬ್ರೇಕ್. ಉಪ್ಪಿನ ಗಾಳಿಗೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ನು, ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿಯುತ್ತವೆ. ಪೆಡಲ್ ಬಿಟ್ಟರೂ ಪ್ಯಾಡು ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಇದು ನಿಧಾನವಾಗಿ ಬರುವ ದೋಷವಾದ್ದರಿಂದ ದಿನಾ ಓಡಿಸುವವರಿಗೆ ಗೊತ್ತೇ ಆಗದು.

ಪತ್ತೆ ಹಚ್ಚುವುದು ಸುಲಭ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಇಳಿಸಿ, ಹಿಂದಿನಿಂದ ತಳ್ಳಿ. ಸಣ್ಣ ಕಾರು ಒಬ್ಬರ ಬಲಕ್ಕೆ ಸಲೀಸಾಗಿ ಸರಿಯಬೇಕು, ಮೈಯೆಲ್ಲ ಹಾಕಿ ತಳ್ಳಬೇಕಾದರೆ ಎಲ್ಲೋ ಹಿಡಿದಿದೆ ಎಂದೇ ಅರ್ಥ. ಯಾವ ಚಕ್ರ ಎಂದು ತಿಳಿಯಲು, ಬ್ರೇಕ್ ಆದಷ್ಟು ಕಡಿಮೆ ಬಳಸಿ ಹತ್ತು ಕಿ.ಮೀ. ಓಡಿಸಿ ಬಂದು ಪ್ರತಿ ಚಕ್ರದ ನಡುಭಾಗದ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ. ಮುಟ್ಟಬೇಡಿ, ಜಾಮ್ ಆದ ಚಕ್ರ ಕೈ ಸುಡುವಷ್ಟು ಕಾದಿರುತ್ತದೆ. ಎಡಕ್ಕೂ ಬಲಕ್ಕೂ ಬಿಸಿಯಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಬಿಸಿಯಾದ ಕಡೆ ಬಿಚ್ಚಬೇಕು.

ಮುಂದಿನ ಚಕ್ರವಾದರೆ ಕ್ಯಾಲಿಪರ್ ಕಳಚಿ ಎರಡು ಗೈಡ್ ಪಿನ್ನುಗಳನ್ನು ಎಳೆದು ನೋಡಿ. ಅವು ಬೆರಳಿನ ಬಲಕ್ಕೇ ಜಾರಬೇಕು. ತುಕ್ಕಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿ, ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ತೆಳುವಾಗಿ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡವೇ ಬೇಡ. ಅದಕ್ಕೆ ರಬ್ಬರ್ ಉಬ್ಬಿಕೊಂಡು ಪಿನ್ನು ಮತ್ತೆ ಹಿಡಿಯುತ್ತದೆ. ಪಿನ್ನು ಸರಿಯಿದ್ದೂ ಚಕ್ರ ಬಿಗಿಯಾಗಿದ್ದರೆ ಬ್ಲೀಡ್ ನಿಪ್ಪಲ್ (ಬ್ರೇಕಿನ ಗಾಳಿ ತೆಗೆಯುವ ತಿರುಪು) ಸ್ವಲ್ಪ ಸಡಿಲಿಸಿ. ಆಗ ಚಕ್ರ ಸಡಿಲವಾದರೆ ದೋಷ ಮೇಲಿದೆ: ಒಳಗಿಂದ ಊದಿಕೊಂಡ ಬ್ರೇಕ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್. ಆಗದಿದ್ದರೆ ಪಿಸ್ಟನ್ನೇ ಹಿಡಿದಿದೆ, ಸೀಲ್ ಕಿಟ್ ಹಾಕಿಸಬೇಕು. ನಿಪ್ಪಲ್ ಬಿಚ್ಚಿದ ಮೇಲೆ ಗಾಳಿ ತೆಗೆಯದೆ ಕಾರು ರಸ್ತೆಗಿಳಿಯಬಾರದು. ಬ್ರೇಕ್ ಆಯಿಲ್ ತೇವ ಹೀರುವ ದ್ರವ, ನಮ್ಮ ಹವೆಯಲ್ಲಂತೂ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಒಳಗಿನ ತುಕ್ಕು ಅಲ್ಲಿಂದಲೇ ಶುರು.

ಹಿಂದಿನ ಚಕ್ರವಾದರೆ ಮುಕ್ಕಾಲು ಪಾಲು ಹ್ಯಾಂಡ್ ಬ್ರೇಕ್ ಕೇಬಲ್ಲೇ ಕಾರಣ. ಒಬ್ಬರು ಲಿವರ್ ಎಳೆದು ಬಿಡಲಿ, ಇನ್ನೊಬ್ಬರು ಕೆಳಗೆ ಕೇಬಲ್ ಪೂರ್ತಿ ಹಿಂದೆ ಬರುತ್ತದೆಯೇ ನೋಡಲಿ. ಬರದಿದ್ದರೆ ಕೇಬಲ್ ಬದಲಿಸಿ, ಎಣ್ಣೆ ಬಿಟ್ಟರೆ ಕೆಲವು ದಿನ ಮಾತ್ರ ನಡೆಯುತ್ತದೆ. ಚಕ್ರ ಜ್ಯಾಕಿಗೆ ಎತ್ತಿ ಕೈಯಿಂದ ತಿರುಗಿಸಿದರೆ ಎರಡು ಮೂರು ಸುತ್ತು ತಾನಾಗಿ ಸುತ್ತಬೇಕು. ಎತ್ತುವಾಗ ಉಳಿದ ಚಕ್ರಗಳಿಗೆ ಕಲ್ಲು ಕೊಡುವುದನ್ನು ಮರೆಯಬೇಡಿ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಸಮತಟ್ಟಾದ ಕಡೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಇಲ್ಲವಾದರೆ ಬ್ರೇಕ್ ಶೂ ಡ್ರಮ್ಮಿಗೇ ಅಂಟಿಕೊಳ್ಳುತ್ತದೆ.

ಟೈರಿನ ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿದೆ. ಈ ವರ್ಗದ ಕಾರುಗಳಿಗೆ ಸಾಮಾನ್ಯವಾಗಿ 28ರಿಂದ 33 ಪಿಎಸ್ಐ. ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಂಕಿ ಇದ್ದರೆ, ಮನೆಮಂದಿಯೆಲ್ಲ ಹೊರಟಾಗ ಅದನ್ನೇ ಹಿಡಿಯಿರಿ. ಟೈರ್ ತಣ್ಣಗಿದ್ದಾಗ, ಬೆಳಗ್ಗೆ ಹೊರಡುವ ಮೊದಲು ನೋಡಬೇಕು. ಓಡಿ ಬಿಸಿಯಾದ ಟೈರು ಎರಡು ಮೂರು ಪಿಎಸ್ಐ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಹತ್ತು ಡಿಗ್ರಿ ತಾಪ ಏರಿಳಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್ಐ ಬದಲಾಗುತ್ತದೆ. ಸ್ವಂತ ಗೇಜ್ ಒಂದಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ನೋಡಿ. ನೈಟ್ರೋಜನ್ನಿಗೆ ದುಡ್ಡು ಕೊಡಬೇಕಾಗಿಲ್ಲ, ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಮೈಲೇಜ್ ಆಸೆಗೆ 40 ತುಂಬಿಸುವುದು ಇನ್ನೂ ಕೆಟ್ಟದ್ದು. ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ.

ಮಳೆಗಾಲದ ಗುಂಡಿಗಳನ್ನು ದಾಟಿದ ಮೇಲೆ, ಅಕ್ಟೋಬರಿನಲ್ಲಿ ಒಮ್ಮೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿದಾಗ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ) ತಪ್ಪಿದೆ.

ತೆಗೆದೆಸೆದ ಥರ್ಮೋಸ್ಟಾಟ್

ಎಂದೋ ಒಮ್ಮೆ ಘಟ್ಟದಲ್ಲಿ ಕಾರು ಹೀಟ್ ಆಗಿರುತ್ತದೆ. ಆಗ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವಂಥದ್ದು) ತೆಗೆದುಬಿಟ್ಟರೆ ಇನ್ನು ಹೀಟ್ ಆಗುವುದಿಲ್ಲ ಎಂದು ಯಾರೋ ತೆಗೆದಿರುತ್ತಾರೆ. ಹೀಟ್ ಆಗುವುದಿಲ್ಲ ನಿಜ, ಆದರೆ ಎಂಜಿನ್ ಬೇಕಾದಷ್ಟು ಬಿಸಿಯೂ ಆಗುವುದಿಲ್ಲ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಕೂಲೆಂಟ್ ತಾಪ ನೋಡಿ ಪೆಟ್ರೋಲ್ ಅಳೆಯುತ್ತದೆ. ತಾಪ 80 ಡಿಗ್ರಿ ಮುಟ್ಟದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ದಪ್ಪಗೇ ಉಳಿದ ಎಂಜಿನ್ ಆಯಿಲ್ ಘರ್ಷಣೆ ಹೆಚ್ಚಿಸುತ್ತದೆ, ಸುಡದ ಪೆಟ್ರೋಲ್ ಆಯಿಲಿಗೆ ಇಳಿದು ಅದನ್ನು ಕೆಡಿಸುತ್ತದೆ. ಶಿರಸಿ, ಯಲ್ಲಾಪುರ ಕಡೆಯ ಮಳೆ–ಚಳಿಯಲ್ಲಿ ಈ ನಷ್ಟ ಇನ್ನೂ ಜಾಸ್ತಿ.

ಗುರುತು: ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೂ ತಾಪದ ಮುಳ್ಳು ಮಧ್ಯಕ್ಕೆ ಬಾರದೆ ಕೆಳಗೇ ನಿಲ್ಲುವುದು, ಅಥವಾ ಘಟ್ಟ ಹತ್ತುವಾಗ ಏರಿ ಇಳಿಯುವಾಗ ತಳಕ್ಕೆ ಬೀಳುವುದು. ತಣ್ಣಗಿನ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಇದ್ದರೆ ಮೊದಲ ಕೆಲವು ನಿಮಿಷ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ವಾಲ್ವ್ ಇಲ್ಲ, ಅಥವಾ ತೆರೆದೇ ನಿಂತಿದೆ.

ಹೊಸ ವಾಲ್ವನ್ನೂ ಹಾಕುವ ಮೊದಲು ಪರೀಕ್ಷಿಸಿ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ, ಥರ್ಮಾಮೀಟರ್ ಇಟ್ಟು ನೋಡಿ. ವಾಲ್ವ್ ಮೇಲೆ ಕೊರೆದ ತಾಪದ ಹತ್ತಿರ, ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ, ಅದು ತೆರೆಯಲು ತೊಡಗಬೇಕು. ಹಾಕುವಾಗ ಗ್ಯಾಸ್ಕೆಟ್ ಹೊಸದಿರಲಿ, ಬಾವಿ ನೀರಿನ ಬದಲು ಕೂಲೆಂಟ್ ಇರಲಿ. ಮೊದಲು ಹೀಟ್ ಆಗಿದ್ದ ಮೂಲ ಕಾರಣವನ್ನೂ ಅದೇ ದಿನ ಹುಡುಕಿ: ರೇಡಿಯೇಟರ್ ಫ್ಯಾನ್ ತಿರುಗದಿರುವುದು, ಕ್ಯಾಪ್ ಒತ್ತಡ ಹಿಡಿಯದಿರುವುದು, ಕಟ್ಟಿಕೊಂಡ ರೇಡಿಯೇಟರ್. ಇವನ್ನು ಬಿಟ್ಟು ವಾಲ್ವ್ ಮಾತ್ರ ಹಾಕಿದರೆ ದೇವಿಮನೆ ಘಟ್ಟದ ಅರ್ಧದಲ್ಲಿ ನಿಲ್ಲಬೇಕಾದೀತು.

ಸೈಲೆನ್ಸರಿನ ತೂತು ಮತ್ತು ಆಕ್ಸಿಜನ್ ಸೆನ್ಸರ್

ಕಡಲ ಬದಿಯ ಕಾರುಗಳ ಸೈಲೆನ್ಸರ್ ಬೇಗ ತೂತು ಬೀಳುತ್ತದೆ. ಹಿಂದಿನ ಡಬ್ಬಿ ತೂತಾದರೆ ಬರೀ ಸದ್ದು. ಆದರೆ ಎಂಜಿನ್‌ಗೂ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗೂ ನಡುವೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಮುಂಭಾಗದ ಪೈಪಿನ ಜಾಯಿಂಟಿನಲ್ಲಿ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಆ ಗಾಳಿಯ ಆಮ್ಲಜನಕ ಕಂಡ ಸೆನ್ಸರ್ ‘ಪೆಟ್ರೋಲ್ ಸಾಲದು’ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ, ಅದು ಇನ್ನಷ್ಟು ಸುರಿಯುತ್ತದೆ. ಸೆನ್ಸರ್ ಬದಲಿಸಿದರೂ ಮೈಲೇಜ್ ಏರಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಆದ್ದರಿಂದ ಮೊದಲು ಸೋರಿಕೆ, ಆಮೇಲೆ ಸೆನ್ಸರ್. ಬೆಳಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಮುಂಭಾಗದಿಂದ ‘ಟಿಕ್ ಟಿಕ್’ ಸದ್ದು ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಅಲ್ಲೇ ಹುಡುಕಿ. ಸೋರುವ ಜಾಗದಲ್ಲಿ ಕಪ್ಪು ಮಸಿ ಕೂತಿರುತ್ತದೆ.

ಓಬಿಡಿ ಸಾಕೆಟ್ (ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ ಜಾಗ) ಇರುವ ಕಾರಾದರೆ ಸ್ಕ್ಯಾನರ್ ಹಾಕಿ ಮೂರು ಅಂಕಿ ನೋಡಿದರೆ ಸಾಕು. ಕೂಲೆಂಟ್ ತಾಪ 80ರಿಂದ 95ರ ನಡುವೆ ಸ್ಥಿರವಾಗಿರಬೇಕು. ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂದಿರುವ ಮಾಮೂಲಿ ಸೆನ್ಸರಿನ ವೋಲ್ಟೇಜ್ 0.1ಕ್ಕೂ 0.9ಕ್ಕೂ ನಡುವೆ ಚುರುಕಾಗಿ ಏರಿಳಿಯುತ್ತಿರಬೇಕು, ಒಂದೇ ಕಡೆ ನಿಂತರೆ ಅಥವಾ ಸೋಮಾರಿಯಾಗಿ ಕದಲಿದರೆ ಅದು ಹೋಗಿದೆ. ದೀರ್ಘಾವಧಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ಹತ್ತರ ಒಳಗಿರಬೇಕು. ಅದು ಅಧಿಕ 15 ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸುಗಳನ್ನೂ ಆಗ ನೋಡಿ.

ಎಂಜಿನ್ ಚೆಕ್ ದೀಪ ಉರಿಯುತ್ತಿದ್ದರೆ ಬ್ಯಾಟರಿ ತೆಗೆದು ಹಾಕಿ ಆರಿಸುವುದು ದುರಸ್ತಿಯಲ್ಲ.

ಪ್ಲಗ್, ಫಿಲ್ಟರ್, ಆಯಿಲ್

ಪ್ಲಗ್ ಬಿಚ್ಚಿ ತುದಿ ನೋಡಿ. ತೆಳು ಕಾಫಿ ಬಣ್ಣವಿದ್ದರೆ ದಹನ ಸರಿಯಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಎಣ್ಣೆಯ ಒದ್ದೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಗ್ಯಾಪ್ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ, ಅಂದಾಜಿಗೆ ಬೇಡ, ಫೀಲರ್ ಗೇಜ್ ಹಿಡಿದು ನೋಡಿ. ಪ್ಲಗ್ ವೈರುಗಳಿರುವ ಕಾರಾದರೆ ರಾತ್ರಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಕತ್ತಲಲ್ಲಿ ವೈರಿನ ಮೈಮೇಲೆ ನೀಲಿ ಕಿಡಿ ಹರಿದಾಡಿದರೆ ಪೂರ್ತಿ ಸೆಟ್ ಬದಲಿಸಿ, ಕೈ ಹಾಕಬೇಡಿ.

ಏರ್ ಫಿಲ್ಟರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಾರ್ಬುರೇಟರ್ ಕಾರಿನಲ್ಲಿ ಕಟ್ಟಿದ ಫಿಲ್ಟರ್ ಮೈಲೇಜ್ ತಗ್ಗಿಸುತ್ತದೆ. ಇಂಜೆಕ್ಷನ್ ಕಾರಿನಲ್ಲಿ ಒಳಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹೋಗುವುದರಿಂದ ಎಳೆತ ಕಡಿಮೆಯಾಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬೀಳದು. ಸಮಯಕ್ಕೆ ಬದಲಿಸಿ, ಆದರೆ ಅದರಿಂದ ಎರಡು ಕಿ.ಮೀ. ಏರುತ್ತದೆಂದು ಕಾಯಬೇಡಿ.

ಎಂಜಿನ್ ಆಯಿಲ್ ಕೈಪಿಡಿ ಹೇಳಿದ ದರ್ಜೆಯದೇ ಇರಬೇಕು. 5ಡಬ್ಲ್ಯೂ-30 ಹೇಳಿದ ಕಾರಿಗೆ ‘ಹಳೇ ಗಾಡಿ, ದಪ್ಪ ಆಯಿಲ್ ಒಳ್ಳೇದು’ ಎಂದು 20ಡಬ್ಲ್ಯೂ-50 ಸುರಿದರೆ ಎಂಜಿನ್ ಆ ದಪ್ಪವನ್ನು ಕಲಕುವುದಕ್ಕೇ ಪೆಟ್ರೋಲ್ ಸುಡುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿಸುವುದೂ ತಪ್ಪು.

ವೇಗ

ಗಾಡಿ ಸರಿಯಾಯಿತು ಎಂದಾದ ಮೇಲೆ ಉಳಿತಾಯದ ದೊಡ್ಡ ಪಾಲು ನಿಮ್ಮ ಬಲಗಾಲಿನಲ್ಲಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಲ್ಲಿ ಇದ್ದದ್ದಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ನೂರು ಕಿ.ಮೀ. ದಾರಿಗೆ 100ರಲ್ಲಿ ಒಂದು ಗಂಟೆ, 80ರಲ್ಲಿ ಒಂದೂಕಾಲು ಗಂಟೆ. ಹದಿನೈದು ನಿಮಿಷಕ್ಕಾಗಿ ಅಷ್ಟು ಪೆಟ್ರೋಲ್ ಸುಡಬೇಕೇ ಎಂದು ನೀವೇ ಲೆಕ್ಕ ಹಾಕಿ. ಸಣ್ಣ ಕಾರಿಗೆ ಟಾಪ್ ಗೇರಿನಲ್ಲಿ 65ರಿಂದ 80 ಹಿತವಾದ ವೇಗ. ಎಡ ಲೇನಿನಲ್ಲಿ ಒಂದೇ ಸಮ ಹೋಗಿ. ಟೋಲ್, ಊರಿನ ಬ್ಯಾರಿಕೇಡ್, ತಿರುವು ದೂರದಿಂದಲೇ ಕಂಡಾಗ ಕಾಲು ತೆಗೆದು ಗೇರಿನಲ್ಲೇ ಉರುಳಲು ಬಿಡಿ. ಲಾರಿಯ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ.

ಟಾಪ್ ಕ್ಯಾರಿಯರ್ ಖಾಲಿಯಿದ್ದರೂ ಗಾಳಿಗೆ ಅಡ್ಡ. ಕೆಲಸ ಮುಗಿದ ದಿನವೇ ಬಿಚ್ಚಿಡಿ. ಎಸಿ ವಿಷಯದಲ್ಲಿ, ಬಿಸಿಲಲ್ಲಿ ನಿಂತ ಕಾರಾದರೆ ಗಾಜು ಇಳಿಸಿ ಎರಡು ನಿಮಿಷ ಓಡಿಸಿ ಬಿಸಿಗಾಳಿ ಹೊರಗೆ ಹೋದ ಮೇಲೆ ಹಾಕಿ, ಒಳಗಿನ ಗಾಳಿಯೇ ತಿರುಗುವಂತೆ ಇಡಿ. 60ರ ಒಳಗೆ ಗಾಜು ಇಳಿಸಿ ಹೋಗಬಹುದು. 80ರಲ್ಲಿ ನಾಲ್ಕೂ ಗಾಜು ಇಳಿಸುವ ಬದಲು ಎಸಿಯೇ ವಾಸಿ. ಗುಡ್ಡ ಕುಸಿದೋ ಕಾಮಗಾರಿ ನಡೆದೋ ಸಾಲುಗಟ್ಟಿ ನಿಲ್ಲಬೇಕಾದಾಗ ಒಂದು ನಿಮಿಷಕ್ಕಿಂತ ಹೆಚ್ಚಾದರೆ ಎಂಜಿನ್ ಆರಿಸಿ. ನಿಂತಲ್ಲೇ ಓಡುವ ಸಣ್ಣ ಎಂಜಿನ್ನೂ ಗಂಟೆಗೆ ಅರ್ಧ ಲೀಟರಿನಷ್ಟು ಸುಡುತ್ತದೆ.

ಘಟ್ಟದಲ್ಲಿ

ಮಂದಿ ಸಮೇತ ಒಂದು ಟನ್ ತೂಗುವ ಕಾರನ್ನು ಕಡಲ ಮಟ್ಟದಿಂದ ಶಿರಸಿಯ ಸುಮಾರು 600 ಮೀಟರ್ ಎತ್ತರಕ್ಕೆ ಏರಿಸಲು ಹೆಚ್ಚುವರಿಯಾಗಿ ಬೇಕಾಗುವುದು ಮುಕ್ಕಾಲು ಲೀಟರಿನಷ್ಟು ಪೆಟ್ರೋಲ್. ಡಿಕ್ಕಿಯಲ್ಲಿ 50 ಕೆ.ಜಿ. ಅಡಿಕೆ ಮೂಟೆ ಇದ್ದರೆ ಅದರ ಪಾಲು 40 ಮಿಲಿಲೀಟರಿಗೂ ಕಡಿಮೆ. ಹಾಗಾಗಿ ಭಾರದ ಚಿಂತೆಗಿಂತ ಹತ್ತುವ ರೀತಿ ಮುಖ್ಯ. ಎಕ್ಸಿಲೇಟರ್ ಪೂರ್ತಿ ತುಳಿದರೆ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸೇರಿಸುತ್ತದೆ. ಎಸಿ ಆರಿಸಿ, ಮುಕ್ಕಾಲಿಗಿಂತ ಕಡಿಮೆ ತುಳಿತದಲ್ಲಿ ಎಳೆಯುವ ಗೇರ್ ಹಿಡಿಯಿರಿ. ಎಂಜಿನ್ ಕಟಕಟ ಎಂದು ನಾಕ್ ಆದರೆ ಕೂಡಲೇ ಒಂದು ಗೇರ್ ಇಳಿಸಿ.

ಇಳಿಯುವಾಗ ನ್ಯೂಟ್ರಲ್ ಬೇಡ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅರಬೈಲ್, ದೇವಿಮನೆ, ಅಣಶಿ, ಗೇರುಸೊಪ್ಪ ಎಲ್ಲ ಘಟ್ಟಗಳಲ್ಲೂ ಈ ಅಭ್ಯಾಸ ಇನ್ನೂ ಕಾಣುತ್ತದೆ. ಇಂಜೆಕ್ಷನ್ ಕಾರು ಗೇರಿನಲ್ಲಿದ್ದು ಎಕ್ಸಿಲೇಟರಿನಿಂದ ಕಾಲು ಪೂರ್ತಿ ತೆಗೆದಾಗ, ಎಂಜಿನ್ ವೇಗ ನಿಮಿಷಕ್ಕೆ ಸುಮಾರು 1,500 ಸುತ್ತಿಗಿಂತ ಮೇಲಿರುವಷ್ಟು ಹೊತ್ತು ಇಂಜೆಕ್ಟರ್ ಮುಚ್ಚಿಯೇ ಇರುತ್ತದೆ. ಪೆಟ್ರೋಲ್ ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಉಳಿಯಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿಸಲು ಮಾಡಿದ್ದು ಖರ್ಚಿಗೆ ದಾರಿ, ಮೇಲೆ ಬ್ರೇಕೊಂದೇ ಕಾರಿನ ಭಾರವೆಲ್ಲ ಹೊರಬೇಕು. ಎಂಜಿನ್ ಆರಿಸಿ ಇಳಿಯುವುದಂತೂ ಪ್ರಾಣಕ್ಕೇ ಅಪಾಯ: ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತದೆ, ಕೀಲಿ ಹಿಂದೆ ತಿರುಗಿದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಉಳಿತಾಯ ಇಷ್ಟಿಲ್ಲದಿದ್ದರೂ ಸುರಕ್ಷತೆಗಾಗಿ ಗೇರಿನಲ್ಲೇ ಇಳಿಯಬೇಕು. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ಬ್ರೇಕ್ ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಅಗಲವಾದ ಕಡೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ.

ಪೆಟ್ರೋಲಿನಲ್ಲೇ ಆದ ಬದಲಾವಣೆ

ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ, ಇ10ಕ್ಕೆ (ಶೇ 10 ಎಥನಾಲ್ ಇರುವ ಪೆಟ್ರೋಲಿಗೆ) ಹೊಂದಿಸಿದ ಕಾರುಗಳಲ್ಲಿ ಇ20ರಿಂದ ಶೇ 6–7ರಷ್ಟು ಮೈಲೇಜ್ ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಎಥನಾಲ್ ಮಾರ್ಗನಕ್ಷೆಯೇ ಹೇಳಿದೆ. ಆದ್ದರಿಂದ ಲೀಟರಿಗೆ ಒಂದು ಕಿ.ಮೀ.ಯಷ್ಟು ಇಳಿಕೆಗೆ ಗಾಡಿಯನ್ನು ದೂರುವಂತಿಲ್ಲ. ನೋಡಬೇಕಾದ್ದು ರಬ್ಬರನ್ನು. ಪೆಟ್ರೋಲ್ ಹೋಸ್ ಹಿಚುಕಿದಾಗ ಮೆತ್ತಗೆ ಅಂಟಂಟಾಗಿದ್ದರೆ ಅಥವಾ ಬಿರುಕಿದ್ದರೆ ಎಥನಾಲ್ ತಾಳುವ ಹೋಸ್ ಹಾಕಿಸಿ. ಎಥನಾಲ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಕಾಲು ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಿರಲಿ.

ಎಲ್ಲ ಮಾಡಿಯೂ ಏರದಿದ್ದರೆ

ಮೊದಲು ಕ್ಲಚ್ ನೋಡಿ. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 50ರಲ್ಲಿರುವಾಗ ಒಮ್ಮೆ ಜೋರಾಗಿ ತುಳಿಯಿರಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಅದೂ ಸರಿಯಿದ್ದರೆ ಕಂಪ್ರೆಶನ್ ಪರೀಕ್ಷೆ (ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ಪೂರ್ತಿ ಚಾರ್ಜಾಗಿರಬೇಕು. ಇಗ್ನಿಷನ್ ಮತ್ತು ಇಂಜೆಕ್ಟರಿನ ಕನೆಕ್ಟರ್ ಕಳಚಿ, ಪ್ಲಗ್ ಎಲ್ಲ ಬಿಚ್ಚಿ, ಎಕ್ಸಿಲೇಟರ್ ಪೂರ್ತಿ ಒತ್ತಿಹಿಡಿದು ಕ್ರ್ಯಾಂಕ್ ಮಾಡಬೇಕು. ಬಂದ ಅಂಕಿ ಕೈಪಿಡಿಯ ಕನಿಷ್ಠಕ್ಕಿಂತ ಕೆಳಗಿದ್ದರೆ, ಅಥವಾ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 14–15 ಪಿಎಸ್ಐಗಿಂತ ಹೆಚ್ಚು ಅಂತರವಿದ್ದರೆ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಎಂಜಿನ್ ಕೆಲಸದ ಖರ್ಚನ್ನು ಕಾರಿನ ಬೆಲೆಯ ಜೊತೆ ತೂಗಿ ನೋಡಬೇಕು. ಏರದಿದ್ದರೆ ದೋಷ ಹೆಚ್ಚಾಗಿ ವಾಲ್ವಿನಲ್ಲಿದೆ. ಹೆಡ್ ಬಿಚ್ಚುವ ಮುನ್ನ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಅಳೆಸಿ. ಅದು ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಉಳಿದಿದ್ದರೆ, ಸ್ಕ್ರೂ ಹೊಂದಾಣಿಕೆಯಿರುವ ಎಂಜಿನ್ನಿನಲ್ಲಿ ಅರ್ಧ ದಿನದ ಕೆಲಸದಲ್ಲೇ ಸರಿಹೋಗಬಹುದು.